ಬಿಚ್ಚದ ಮಡಿಕೆ

ರಾಯದುರ್ಗ, ಡಿಸೆಂಬರ್ 18, 2011

ಹಾಳು ಫ್ರಾಕಿನ ಅಂಚು ಇಡೀ ದಿನ ಜೀವ ಹಿಂಡಿತು. ಬಳ್ಳಾರಿಯ ಚರ್ಚೊಂದು ಕ್ರಿಸ್‌ಮಸ್ ನಾಟಕಕ್ಕೆ ವಿಕ್ಟೋರಿಯಾ ರಾಣಿ ಕಾಲದ ಬಟ್ಟೆ ಹೊಲಿಸುತ್ತಿದೆ. ನಮ್ಮ ಕಾರ್ಖಾನೆಯ ದಿನನಿತ್ಯದ ಜೀನ್ಸ್ ಹೊಲಿಗೆ ಬದಿಗಿಟ್ಟು, ಪುಟ್ಟ ಹುಡುಗಿಯ ಪಾತ್ರದ ಕೆಂಪು ಮಖಮಲ್ ಫ್ರಾಕು ಹೊಲಿದೆ. ನಾಟಕದಲ್ಲಿ ಅವಳು ಹಬ್ಬಕ್ಕೆ ಕುದುರೆ ಸಾರೋಟಿನಲ್ಲಿ ಅಮ್ಮನ ಹತ್ತಿರ ಬರುತ್ತಾಳಂತೆ.

ಕಟಿಂಗ್ ಮಾಸ್ಟರ್ ಹುಸೇನಪ್ಪ ಅಂಚು ತಿರುವಿ ನೋಡಿದರು. “ಯಾಕ ಶಾಂತಕ್ಕ, ಒಳಗ ಇಷ್ಟು ಬಟ್ಟಿ ಮಡಚೀರಿ? ಒಂದ ದಿನ ಹಾಕ್ಕೊಳ್ಳೋದ್ರಿ ಇದು!”

ಬೆಳೆಯುವ ಮಕ್ಕಳ ಬಟ್ಟೆಯಲ್ಲಿ ಹಾಗೆ ಮಡಿಕೆ ಬಿಡುವುದೇ ಕೈಗೆ ರೂಢಿ. ಮಡಕಶಿರದಲ್ಲಿದ್ದಾಗ ನನ್ನ ಮಗಳು ರಮ್ಯಶ್ರೀಯ ಫ್ರಾಕಿಗೂ ಬಿಟ್ಟಿದ್ದೆ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡೋಣವೆಂದು. ಅಷ್ಟರಲ್ಲಿ ಜ್ವರ ಅವಳನ್ನು ಒಯ್ದಿತು.

ಮಖಮಲ್ಲಿನ ಮಡಿಕೆ ಬಿಚ್ಚಿ ಕತ್ತರಿಸಿ ಕೊಟ್ಟೆ. ರಮ್ಯಶ್ರೀಯ ಫ್ರಾಕು ಟ್ರಂಕಿನಲ್ಲಿ ಹಾಗೆಯೇ ಇದೆ. ಅವಳು ಬದುಕಿದ್ದಿದ್ದರೆ, ಅದರ ಮಡಿಕೆ ಬಿಚ್ಚಿದರೂ ಈಗ ಅವಳಿಗೆ ಗಿಡ್ಡವೇ ಆಗುತ್ತಿತ್ತು.