ಭುಜದೆತ್ತರದ ಹಲಗೆ

ಭಾನುವಾರ, ಮಧ್ಯಾಹ್ನ

ಸಿಟ್ಟಿನಲ್ಲಿದ್ದರೂ ನನ್ನ ಅಕ್ಕನೇ ಆದ ಅಕ್ಕನಿಗೆ,

ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮಧ್ಯೆ ಬಾಯಿ ಹಾಕಲು ನಿನ್ನಿಂದಲೂ ಆಗದು. ಪಕ್ಕದಲ್ಲೇ ಬಡಗಿ ಗರಗಸ ಎಳೆಯುತ್ತಿದ್ದಾನೆ, ಮೇಜು ಅಲುಗುತ್ತಿದೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಅಮ್ಮ ಚೆನ್ನಾಗಿದ್ದಾಳೆ. ಹೊಟ್ಟೆ ತುಂಬ ಉಣ್ಣುತ್ತಾಳೆ, ನನ್ನನ್ನು ಹೆಸರು ಹಿಡಿದು ಕರೆಯುತ್ತಾಳೆ. ಸಂಜೆಯಾದರೆ ಮಾತ್ರ ಬಟ್ಟೆಯ ಗಂಟು ಕಟ್ಟಿಕೊಂಡು, "ಸಾಕಾಯ್ತು, ನನ್ನ ಮನೆಗೆ ಬಿಟ್ಬಿಡಿ" ಎಂದು ಬಾಗಿಲ ಬಳಿ ನಿಲ್ಲುತ್ತಾಳೆ. ಅವಳು ಹುಟ್ಟಿದ್ದು ಇದೇ ಮನೆಯಲ್ಲಿ, ಅಪ್ಪ ಮನೆ ಅಳಿಯನಾಗಿ ಬಂದದ್ದೂ ಇಲ್ಲಿಗೇ. ಇನ್ನು ಯಾವ ಮನೆಗೆ ಬಿಡಲಿ? ಮೊನ್ನೆ ಬರಿಗಾಲಿನಲ್ಲಿ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಅದನ್ನು ಕೇಳಿಯೇ ನೀನು ಆರೈಕೆ ಕೇಂದ್ರದಲ್ಲಿ ಜಾಗ ಹಿಡಿದದ್ದು, ಬರುವ ಭಾನುವಾರ ಗಾಡಿ ತರುತ್ತೇನೆ ಎಂದದ್ದು.

ಅಕ್ಕಾ, ಬೇಡ. ನಿನ್ನ ಕಾಲಿಗೆ ಬೀಳುತ್ತೇನೆ. ಮನೆಯಲ್ಲಿ ಕೂತೇ ಮನೆ ಕೇಳುವವಳನ್ನು ಬೇರೆಡೆ ಬಿಟ್ಟರೆ ಅವಳು ಎಲ್ಲಿಗೆಂದು ಹೊರಡಬೇಕು?

ಒಂದು ದಿನ ರೇಗಿ, "ನಿನ್ನ ಮನೆ ಹೇಗಿತ್ತು ಹೇಳು ನೋಡೋಣ" ಎಂದೆ. ತಡವರಿಸದೆ ಹೇಳಿದಳು: "ಗೋಡೆಗೆ ಮರದ ಹಲಗೆ ಇತ್ತು. ನನ್ನ ಭುಜದ ತನಕ. ಮೇಲೊಂದು ಪಟ್ಟಿ." ನಾವು ಹುಟ್ಟುವ ಮೊದಲೇ ಗೆದ್ದಲು ಹಿಡಿಯಿತೆಂದು ಅಪ್ಪ ಕೀಳಿಸಿ, ಗೋಡೆಗೆ ಗಾರೆ ಬಳಿಸಿದ ಹಲಗೆಗಳು! ನಾವಿಬ್ಬರೂ ಕಂಡದ್ದೇ ಇಲ್ಲ. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು ನನಗೆ.

ನನಗೆ ಹುಚ್ಚು ಎನ್ನುತ್ತೀಯ. ಇರಲಿ. ಅವಳ ಕೋಣೆಯ ಗೋಡೆಗೆ ಹಲಗೆ ಮತ್ತೆ ಕೂರಿಸಲು ಮೊದಲು ಪ್ಲೈವುಡ್ ತರಿಸಿದೆ. ಮುದುಕಿಗೆ ಸಾಲು ಹಲ್ಲು ಕಟ್ಟಿಸಿದ ಹಾಗೆ ಕಂಡಿತು, ಅಮ್ಮ ಅತ್ತ ತಿರುಗಿಯೂ ನೋಡಲಿಲ್ಲ. ಆಮೇಲೆ ಕೆಡವಿದ ಹಳೆ ಶಾಲೆಯೊಂದರ ತೇಗದ ಹಲಗೆ ಹುಡುಕಿ ತಂದೆ. ನಮ್ಮ ಬಾಗಿಲ ಚೌಕಟ್ಟಿನಲ್ಲಿ ಅಂಚಿನುದ್ದಕ್ಕೂ ಕೆತ್ತಿದ ಸಣ್ಣ ಗೀರು ಇದೆಯಲ್ಲ, ಅದೇ ಗೀರನ್ನು ಪ್ರತಿ ಹಲಗೆಯ ಅಂಚಿಗೂ ತೆಗೆಸಿದೆ. ಸ್ಕ್ರೂ ಬೇಡ, ಮರದ ಗೂಟವೇ ಇರಲಿ ಎಂದೆ. ಎದುರು ಬೀದಿಯ ಹಳೆ ಮನೆಯಲ್ಲಿ ಹಲಗೆ ಸೊಂಟದ ತನಕ ಮಾತ್ರ ಇತ್ತು. ಆದರೆ ಅಮ್ಮ ಭುಜ ಎಂದಿದ್ದಳು. ಬಡಗಿಯೂ, "ಅಮ್ಮೋರ ಮನೆ, ಅಮ್ಮೋರ ಭುಜ. ನಮ್ಮದೇನಿದೆ ಹೋಗ್ಲಿ" ಎಂದು ಅವಳನ್ನೇ ಗೋಡೆಗೆ ನಿಲ್ಲಿಸಿ ಗುರುತು ಹಾಕಿದ.

ನಿನ್ನೆ ಕೋಣೆ ಮುಗಿಯಿತು. ಅಮ್ಮನನ್ನು ಒಳಗೆ ಕರೆತಂದೆ. ಸುತ್ತ ನೋಡಿದಳು. "ಯಾಕಮ್ಮ ನನ್ನ ಪೆಟ್ಟಿಗೇಲಿ ಹಾಕಿದೀರಿ? ನಾನೇನು ಮಾಡಿದೆ?" ಎಂದು ಅತ್ತಳು. ಅಕ್ಕಾ, ನನ್ನ ಎದೆ ಒಡೆದುಹೋಯಿತು. ನೀನು ಹೇಳಿದ್ದೇ ಸರಿಯೇನೋ ಎಂದು ಆ ಗಳಿಗೆಯಲ್ಲಿ ಅನಿಸಿತು.

ಆಮೇಲೆ ಅವಳು ಗೋಡೆ ಹಿಡಿದು ನಡೆದಳು. ಅಂಗೈ ಸೊಂಟದ ಎತ್ತರದಲ್ಲಿ ಹಲಗೆಯನ್ನು ಸವರುತ್ತಿತ್ತು, ಏನನ್ನೋ ತಡಕುತ್ತಿತ್ತು. ಏನಮ್ಮ ಹುಡುಕುತ್ತೀಯ ಎಂದೆ. "ಪಟ್ಟಿ. ಇಲ್ಲೇ ಇತ್ತು. ಅದರ ಮೇಲೆ ಗೋಲಿ ಇಟ್ಟಿದ್ದೆ."

ಭುಜದ ತನಕ ಎಂದಿದ್ದಳು ನಿಜ. ಯಾವ ವಯಸ್ಸಿನ ಭುಜ ಎಂದು ನಾವ್ಯಾರೂ ಕೇಳಲಿಲ್ಲ.

ಬಡಗಿ ತಲೆ ಚಚ್ಚಿಕೊಂಡು ನಕ್ಕ, ನಾನು ತಲೆ ಚಚ್ಚಿಕೊಂಡು ಅತ್ತೆ. ಈಗ ಹಲಗೆಯನ್ನು ಸೊಂಟದ ಎತ್ತರಕ್ಕೆ ಕೊಯ್ಯುತ್ತಿದ್ದಾನೆ. ಸಂಜೆಯೊಳಗೆ ಪಟ್ಟಿ ಕೂರುತ್ತದೆ. ಇದೂ ಸೋತರೆ ನನ್ನ ಬಳಿ ಬೇರೇನೂ ಇಲ್ಲ. ನೀನೇ ಬಾ, ಗಾಡಿ ತಾ, ನಾನು ಅಡ್ಡ ನಿಲ್ಲುವುದಿಲ್ಲ. ಆದರೆ ಈ ಸಂಜೆಯೊಂದನ್ನು ನನಗೆ ಬಿಟ್ಟುಕೊಡು.

ಭಾವನಿಗೆ ನಮಸ್ಕಾರ ತಿಳಿಸು.

ಇಂತಿ,
ನೀನೇ ಹೆಸರಿಟ್ಟ
ಮೊಂಡಿ

ಮರೆತ ಮಾತು: ಅಂಚೆಗೆ ಹಾಕುವ ಮೊದಲು ಇಷ್ಟು ಸೇರಿಸುತ್ತಿದ್ದೇನೆ. ಅಮ್ಮ ನನ್ನನ್ನು ಹೆಸರು ಹಿಡಿದು ಕರೆಯುತ್ತಾಳೆ ಎಂದು ಬರೆದದ್ದು ಸುಳ್ಳು. ನಾನು ಯಾರೆಂದು ಅವಳಿಗೆ ತಿಳಿಯದೆ ಬಹಳ ಕಾಲವಾಯಿತು. ನಿನಗೆ ಗೊತ್ತಾದರೆ ಅಂದೇ ಗಾಡಿ ತರುತ್ತೀಯ ಎಂದು ಮುಚ್ಚಿಟ್ಟೆ. ಸಂಜೆ ಪಟ್ಟಿ ಕೂರಿಸಿದ ಮೇಲೆ ಅಮ್ಮ ಅದರ ಮೇಲೆ ಬೆರಳಾಡಿಸುತ್ತ ಇಡೀ ಕೋಣೆ ಸುತ್ತಿದಳು. ಗಂಟು ಬಿಚ್ಚಿ ಬಟ್ಟೆಗಳನ್ನು ಬೀರುವಿನಲ್ಲಿಟ್ಟಳು. "ಅಬ್ಬಾ, ಮನೆಗೆ ಬಂದೆ" ಎಂದಳು. ಗಾಡಿ ತರಬೇಡ ಅಕ್ಕಾ. ಆಮೇಲೆ ನನ್ನ ಕಡೆ ತಿರುಗಿ, ತುಂಬ ಅಕ್ಕರೆಯಿಂದ, "ಇಷ್ಟು ದೂರ ಬಂದು ನನ್ನ ಮನೆಗೆ ಬಿಟ್ಟೆಯಲ್ಲ, ಒಳ್ಳೆದಾಗ್ಲಿ. ಕತ್ತಲಾಗ್ತಿದೆ, ನಿಮ್ಮ ಮನೇಲಿ ಕಾಯ್ತಿರ್ತಾರೆ, ಹೊರಡಮ್ಮ" ಎಂದಳು. ನಾನು ಹೂಂ ಎಂದು ಮುಂಬಾಗಿಲಿನಿಂದ ಹೊರಟೆ, ಮನೆ ಸುತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಅವಳ ಊಟಕ್ಕೆ ಒಲೆ ಹಚ್ಚಿದೆ.