ತಾನಾಗಿ ನಿಲ್ಲುವ ಕಾರು

ನವೆಂಬರ್ 4, ಮಂಗಳವಾರ

ಬೆಳಿಗ್ಗೆ ಕಡಿಯಾಳಿಯ ಟೀಚರ್ ಓಡಿಸಿದರು. ಏರಿನಲ್ಲಿ ಕಾರು ಹಿಂದಕ್ಕೆ ಜಾರಿತು. ಹಿಂದೆ ಬಸ್ಸು. "ಬ್ರೇಕ್" ಎನ್ನಬೇಕಿತ್ತು. ಎನ್ನಲಿಲ್ಲ. ನನ್ನ ಕಾಲಡಿಯ ಬ್ರೇಕ್ ಒತ್ತಿದೆ. ಟೀಚರಿಗೆ ಬಹಳ ಖುಷಿ. "ನೋಡಿದೆಯಾ, ಹೇಗೆ ಹಿಡಿದೆ!" ತಲೆಯಾಡಿಸಿದೆ.

ನನ್ನ ಕಾರು ಮೊದಲು ಒಂದು ಡ್ರೈವಿಂಗ್ ಸ್ಕೂಲಿನದು. ಸ್ಕೂಲ್ ಮುಚ್ಚಿತು, ಕಾರು ನನಗೆ ಬಂತು. ಎಡಗಡೆಯ ಸೀಟಿನವರಿಗೂ ಒಂದು ಕ್ಲಚ್, ಒಂದು ಬ್ರೇಕ್ ಇವೆ. ಲೈಸೆನ್ಸ್ ಮಾಡಿಸಿ ಕಪಾಟಿನಲ್ಲಿಟ್ಟ ಹೆಂಗಸರು ನನ್ನ ಗಿರಾಕಿಗಳು. ಪಕ್ಕದಲ್ಲಿ ಕುಳಿತು ಅವರಿಗೆ ಧೈರ್ಯ ಹೇಳುವುದು ನನ್ನ ಕೆಲಸ. ಹೇಳುವುದೇ ನನಗೆ ಬರುವುದಿಲ್ಲ. ಐದನೆಯ ಕ್ಲಾಸಿನಲ್ಲಿ ಎದ್ದು ನಿಂತು ಓದು ಎಂದರು. ಮರುದಿನದಿಂದ ಶಾಲೆಗೇ ಹೋಗಲಿಲ್ಲ. ಕಾಲಿಗೆ ಮಾತ್ರ ನಾಚಿಕೆ ಇಲ್ಲ. ಹೇಳಬೇಕಾದದ್ದನ್ನು ಅದು ಹೇಳುತ್ತದೆ.

ಅಮ್ಮ ಮೀನು ಮಾರಿ ಬಂದು ಕೇಳಿದಳು, "ಇವತ್ತು ಗಿರಾಕಿ ಹತ್ತಿರ ಎಷ್ಟು ಮಾತಾಡಿದಿ?"

"ಎರಡು."

"ಎಂತ ಎಂತ?"

"ಬಂದೆ. ಹೋಗುತ್ತೇನೆ."

ನವೆಂಬರ್ 6, ಗುರುವಾರ

ಕುಕ್ಕುಂದೂರಿನ ಆಂಜೆಲಾ ಬಾಯಮ್ಮ. ಮೂರು ತಿಂಗಳಿಂದ ಬರುತ್ತಿದ್ದಾರೆ. ಮಗಳು ಡೈನಾ ನಿಟ್ಟೆಯ ಹಾಸ್ಟೆಲಿನಲ್ಲಿ. ಒಂದು ಭಾನುವಾರ ತಾನೊಬ್ಬಳೇ ಕಾರಿನಲ್ಲಿ ಹೋಗಿ ಅವಳನ್ನು ಊಟಕ್ಕೆ ಕರೆತರಬೇಕು ಎಂದು ಆಸೆ. ನಿಟ್ಟೆ ಎಷ್ಟು ದೂರ? ಬಸ್ಸು ಹತ್ತಿ ಟಿಕೆಟ್ ತೆಗೆಯುವಷ್ಟರಲ್ಲಿ ಬರುತ್ತದೆ.

"ದೂರದ ವಿಷಯ ಅಲ್ಲ ಮಾರಾಯ್ತಿ," ಎಂದರು. "ಇವರು ಮಸ್ಕತ್ತಿನಲ್ಲಿ ಇದ್ದಾಗ ನಾನು ಎಲ್ಲಿಗೆ ಹೋಗಬೇಕಾದರೂ ರಿಕ್ಷಾದವನನ್ನು ಕೇಳಬೇಕಿತ್ತು. ಈಗ ಇವರನ್ನು ಕೇಳಬೇಕು. ರಿಕ್ಷಾದವನೇ ವಾಸಿ, ಬೇಗ ಬರುತ್ತಿದ್ದ."

ಅವರ ಗಂಡ ಬ್ಯಾಪ್ಟಿಸ್ಟ್ ಪೊರ್ಬು ಕಾರು ತೆಗೆದುಕೊಳ್ಳುವವರಿದ್ದಾರೆ. ಸಣ್ಣ ಪೆಟ್ರೋಲ್ ಕಾರೋ, ಬ್ಯಾಟರಿಯೂ ಇರುವ ಹೈಬ್ರಿಡ್ಡೋ? ಮಳೆಗಾಲ ಪೂರ್ತಿ ಯೂಟ್ಯೂಬ್ ನೋಡಿದ್ದಾರೆ. ಇವತ್ತು ಹಿಂದಿನ ಸೀಟಿನಲ್ಲಿ ಬಂದು ಕುಳಿತರು.

"ಸುಗಂಧಿ, ನೀನು ಹೇಳು. ಓಡಿಸುವ ಖುಷಿ ಯಾವುದರಲ್ಲಿ? ಮೇಂಟೆನೆನ್ಸ್ ಯಾವುದಕ್ಕೆ ಕಡಿಮೆ?"

ನಾನು ಬಾಯಿ ತೆರೆದೆ.

"ಹೈಬ್ರಿಡ್, ಅಲ್ವಾ? ನಾನೂ ಅದನ್ನೇ ಹೇಳುವುದು," ಎಂದರು.

ಜೋಡುರಸ್ತೆಯಲ್ಲಿ ದನ ಅಡ್ಡ ಬಂತು. ಬಾಯಮ್ಮ ಹಾರ್ನ್ ಒತ್ತಿದರು. ದನ ನಿಂತು ಅವರನ್ನು ನೋಡಿತು. ಇವರೂ ಅದನ್ನು ನೋಡಿದರು. ನಾನು ಎರಡೂ ಪೆಡಲ್ ಒತ್ತಿದೆ. ದನದ ಮೂಗಿನ ಹತ್ತಿರ ಕಾರು ನಿಂತಿತು.

ಬಾಯಮ್ಮ ಹಿಂದಕ್ಕೆ ತಿರುಗಿ ಗಂಡನಿಗೆ ಹೇಳಿದರು, "ಕಂಡಿರಾ? ನಿಲ್ಲಬೇಕು ಅಂತ ಮನಸ್ಸಿನಲ್ಲಿ ಅಂದುಕೊಂಡರೆ ಸಾಕು, ಈ ಕಾರು ನಿಲ್ಲುತ್ತದೆ."

ತಮಾಷೆ ಎಂದುಕೊಂಡು ಹೊರಗೆ ನೋಡಿದೆ.

ನವೆಂಬರ್ 9, ಭಾನುವಾರ

ತಮಾಷೆ ಅಲ್ಲ.

ಪೊರ್ಬುಗಳ ತಮ್ಮ ಕಾರ್ಲ್ ಮಣಿಪಾಲದಲ್ಲಿದ್ದಾರೆ. ಅವರ ಹೊಸ ಹೈಬ್ರಿಡ್ಡನ್ನು ನೋಡಲಿಕ್ಕೆಂದು ಕೊಟ್ಟಿದ್ದರು. ಕಾಲಡಿಯ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿಲ್ಲ. ಬಾಯಮ್ಮ ಬಟನ್ ಒತ್ತಿದರು. ಶಬ್ದ ಇಲ್ಲ. ಸ್ಟಾರ್ಟ್ ಆಗಲಿಲ್ಲ ಎಂದು ಮತ್ತೆ ಒತ್ತಿದರು. ಆಫ್ ಆಯಿತು. ಹೀಗೇ ನಡೆಯಿತು ಸ್ವಲ್ಪ ಹೊತ್ತು.

"ಇದು ನಮ್ಮ ಸುಗಂಧಿಯ ಹಾಗೆ," ಎಂದರು. "ಉಂಟಾ ಇಲ್ಲವಾ ಗೊತ್ತಾಗುವುದಿಲ್ಲ."

ಮೊದಲು ನನ್ನ ಕೈಗೆ ಕೊಟ್ಟರು. ಹಿರಿಯಡ್ಕ ದಾಟಿ ಮಣಿಪಾಲದವರೆಗೆ ಓಡಿಸಿದೆ. ಹೊಳೆಯಲ್ಲಿ ದೋಣಿ ಬಿಟ್ಟ ಹಾಗೆ. ಸುಖವೇ. ಆದರೆ ಸುಖ ಬೇರೆ, ಖುಷಿ ಬೇರೆ. ನನ್ನ ಕಾರಿನಲ್ಲಿ ತಿರುವು ಬಂದರೆ ಗೇರ್ ಇಳಿಸಬೇಕು, ಇಂಜಿನ್ ಗುರ್ ಎನ್ನುತ್ತದೆ, ತಿರುವು ದಾಟಿದ ಮೇಲೆ ನಾನೂ ಒಂದು ಕೆಲಸ ಮಾಡಿದೆ ಎನಿಸುತ್ತದೆ. ಇದರಲ್ಲಿ ಗೇರ್ ಹಾಕುವ ಕೆಲಸ ಇಲ್ಲ. ಎಡಗೈ ಗುರುತಿಲ್ಲದವರ ಮದುವೆಗೆ ಬಂದವಳ ಹಾಗೆ ಮಡಿಲಲ್ಲಿ ಸುಮ್ಮನೆ ಕುಳಿತಿತ್ತು.

ಮಣಿಪಾಲದಿಂದ ಕಡಿಯಾಳಿಗೆ ಇಳಿಯುವಾಗ ಬ್ಯಾಟರಿ ತಾನಾಗಿ ತುಂಬಿತು. ಪೊರ್ಬು ಹಿಂದಿನಿಂದ "ಫ್ರೀ! ಫ್ರೀ!" ಎಂದು ಕೂಗಿದರು. ಇನ್ನೊಮ್ಮೆ ಹತ್ತಿ ಇಳಿಯೋಣ ಎಂದರು. ಹತ್ತುವಾಗ ತುಂಬಿದ್ದೆಲ್ಲ ಖಾಲಿ. ಮತ್ತೆ ಇಳಿದೆವು. "ಫ್ರೀ!"

ಕುಕ್ಕುಂದೂರಿನಲ್ಲಿ ಬಾಯಮ್ಮ ಸ್ಟೇರಿಂಗ್ ಹಿಡಿದರು. ರಸ್ತೆಯಲ್ಲಿ ಎದುರು ಏನೂ ಬರಲಿಲ್ಲ, ದೇವರು ದೊಡ್ಡವನು. ಮನೆಯ ಅಂಗಳಕ್ಕೆ ಬಂದೆವು. ಎದುರಿಗೆ ಸಾಲಾಗಿ ಕ್ರೋಟನ್ ಗಿಡಗಳ ಮಣ್ಣಿನ ಚಟ್ಟಿಗಳು. ಬಾಯಮ್ಮನ ಮುಖ ಶಾಂತವಾಗಿತ್ತು. ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದರು. ನನ್ನ ಕಾಲು ಬ್ರೇಕ್ ಹುಡುಕಿತು. ಅಲ್ಲಿ ಬ್ರೇಕ್ ಇಲ್ಲ. ಪ್ಲಾಸ್ಟಿಕ್ ಹರಿಯುವ ಹಾಗೆ ಒತ್ತಿದೆ. ಬಾಯಿ ತೆರೆದದ್ದು ಮೂರನೆಯ ಚಟ್ಟಿ ಒಡೆದ ಮೇಲೆ. ಆಗಲೂ ಬಂದದ್ದು ಗಾಳಿ ಮಾತ್ರ.

"ಈ ಕಾರಿಗೆ ಬ್ರೇಕೇ ಇಲ್ಲ!" ಎಂದು ಬಾಯಮ್ಮ ಇಳಿದು ಹೋದರು.

ಈಗ ಅರ್ಥವಾಯಿತು. ಮೂರು ತಿಂಗಳಿನಲ್ಲಿ ಅವರು ಒಮ್ಮೆಯೂ ಸಮಯಕ್ಕೆ ಬ್ರೇಕ್ ಹಾಕಿಲ್ಲ. ಹಾಕಿದ್ದೆಲ್ಲ ನಾನು. ಮೊದಲ ದಿನ ನನ್ನ ಕಡೆಯ ಪೆಡಲ್ ತೋರಿಸಿ, "ಇದು ಸ್ಕೂಲಿನವರ ಕಾಲದ್ದು, ಈಗ ಕೆಲಸ ಮಾಡುವುದಿಲ್ಲ ಅಲ್ವಾ?" ಎಂದಿದ್ದರು. ನಾನು ನಕ್ಕು ಸುಮ್ಮನಾಗಿದ್ದೆ.

ನವೆಂಬರ್ 11, ಮಂಗಳವಾರ

ಕಾರ್ಲ್ ಕಾರನ್ನು ವರ್ಕ್‌ಶಾಪಿಗೆ ತೋರಿಸಿದರಂತೆ. ಬ್ರೇಕ್ ಸರಿ ಉಂಟು ಎಂದರಂತೆ. "ಅತ್ತಿಗೆಯನ್ನು ಯಾವ ವರ್ಕ್‌ಶಾಪಿಗೆ ತೋರಿಸುವುದು?" ಎಂದು ಅಣ್ಣನಿಗೆ ಫೋನಿನಲ್ಲಿ ಕೇಳಿದರಂತೆ. ಸ್ಪೀಕರಿನಲ್ಲಿ ಇತ್ತು. ಬಾಯಮ್ಮ ಕೇಳಿಸಿಕೊಂಡರು. ಮನೆಯಲ್ಲಿ ಈಗ ಮಾತಿಲ್ಲ.

ನವೆಂಬರ್ 12, ಬುಧವಾರ

ಬಾಯಮ್ಮನ ಫೋನ್. ಹೈಬ್ರಿಡ್ ಬೇಡ, ಬೇರೆ ಸಣ್ಣ ಕಾರೂ ಬೇಡ. ನನ್ನ ಕಾರೇ ಬೇಕಂತೆ.

"ನೀನು ಹೇಳಿದ ರೇಟಿಗೆ. ಆ ಕಾರಿಗೆ ನನ್ನ ಮನಸ್ಸು ಗೊತ್ತುಂಟು. ಬರುವ ಭಾನುವಾರ ಅದರಲ್ಲೇ ಒಬ್ಬಳೇ ನಿಟ್ಟೆಗೆ ಹೋಗುತ್ತೇನೆ. ಕಾರ್ಲನಿಗೂ ತೋರಿಸುತ್ತೇನೆ."

ಒಬ್ಬಳೇ. ನನ್ನ ಸೀಟಿನಲ್ಲಿ ಯಾರೂ ಇಲ್ಲದೆ. ನಿಟ್ಟೆಯ ರಸ್ತೆಯಲ್ಲಿ ಕಾಲೇಜಿನ ಮಕ್ಕಳು, ಟಿಪ್ಪರ್, ಬಸ್ಸು.

"ಬಾಯಮ್ಮ…" ಎಂದೆ.

"ಆಯ್ತು, ಯೋಚನೆ ಮಾಡಿ ಹೇಳು," ಎಂದು ಇಟ್ಟರು.

ಅಮ್ಮ ಹೇಳಿದಳು, "ಕೊಡು. ಇಷ್ಟು ಹಳೆಯ ಡಬ್ಬವನ್ನು ಇನ್ನು ಯಾರು ಕೇಳುತ್ತಾರೆ?"

"ಅವರಿಗೆ ಬ್ರೇಕ್ ಹಾಕಲು ಬರುವುದಿಲ್ಲ ಅಮ್ಮ."

"ಹಾಗಾದರೆ ಅದನ್ನು ನನಗೆ ಯಾಕೆ ಹೇಳುತ್ತಿ? ಅವರಿಗೆ ಹೇಳು!"

ನವೆಂಬರ್ 13, ಗುರುವಾರ

ಫೋನ್ ಮಾಡಿದೆ. "ಹಲೋ" ಎಂದರು. ಕಟ್ ಮಾಡಿದೆ.

ನವೆಂಬರ್ 14, ಶುಕ್ರವಾರ

ಮತ್ತೆ ಮಾಡಿದೆ. ಪೊರ್ಬು ಎತ್ತಿದರು. ಹೈಬ್ರಿಡ್ ಬ್ಯಾಟರಿಯ ಆಯುಷ್ಯದ ಬಗ್ಗೆ ಬಹಳ ಹೊತ್ತು ಹೇಳಿದರು. ನಾನು ಹೂಂ ಎಂದೆ.

ನವೆಂಬರ್ 15, ಶನಿವಾರ

ನಮ್ಮ ಊರು ಕಾಪುವಿಗೇ ಬನ್ನಿ, ಕಾರನ್ನು ಕೊನೆಗೊಮ್ಮೆ ಓಡಿಸಿ ನೋಡಿ ಎಂದು ಮೆಸೇಜ್ ಹಾಕಿದೆ. ಬಂದರು. ಲೈಟ್‌ಹೌಸಿನಿಂದ ಆಚೆ, ಜನ ಇಲ್ಲದ ಮಣ್ಣಿನ ದಾರಿಗೆ ಕರೆದುಕೊಂಡು ಹೋದೆ. ದಾರಿ ಮುಗಿಯುವಲ್ಲಿ ಮರಳಿನ ದಿಬ್ಬ. ನಾನು ಚಪ್ಪಲಿ ಬಿಟ್ಟು ಎರಡೂ ಕಾಲು ಸೀಟಿನ ಮೇಲಿಟ್ಟು ಚಕ್ಕಳಬಕ್ಕಳ ಕುಳಿತೆ.

"ಎಂತ, ಊಟಕ್ಕೆ ಕೂತದ್ದಾ?" ಎಂದರು ಬಾಯಮ್ಮ.

ಕಾರು ಹೊರಟಿತು. ಎರಡನೆಯ ಗೇರ್. ದಿಬ್ಬ ಹತ್ತಿರ ಬಂತು. ಬಾಯಮ್ಮನ ಮುಖ ಮತ್ತೆ ಶಾಂತವಾಯಿತು. ನನ್ನ ಕಾಲು ಕೆಳಗಿಳಿಯಲು ನೋಡಿತು. ಎರಡು ಕೈಯಲ್ಲೂ ಹಿಡಿದುಕೊಂಡೆ.

"ಬಾಯಮ್ಮ, ಬ್ರೇಕ್!"

ನನ್ನದೇ ಸ್ವರ. ಕಾಗೆಗಳು ಎದ್ದವು.

"ನಾನಾ ಹಾಕಬೇಕಾದ್ದು?" ಎಂದು ಅವರು ನನ್ನನ್ನು ನೋಡಿದರು.

ಮರಳು ಮೆತ್ತಗೆ ಇತ್ತು. ಬಂಪರ್ ಒಳಗೆ ಹೋಯಿತು, ಇಂಜಿನ್ ಬಂದ್. ವೈಪರ್ ಯಾಕೋ ಓಡತೊಡಗಿತು.

ಆಮೇಲೆ ಹೇಳಿದೆ. ಎಲ್ಲ ಹೇಳಿದೆ. ದನ, ಟೀಚರ್, ಕ್ರೋಟನ್. ಇಷ್ಟು ಮಾತು ಒಟ್ಟಿಗೆ ಹುಟ್ಟಿದಂದಿನಿಂದ ಆಡಿಲ್ಲ. ನಿಲ್ಲಿಸಲು ಗೊತ್ತಾಗಲಿಲ್ಲ.

ಬಾಯಮ್ಮ ವೈಪರ್ ಬಂದ್ ಮಾಡಿದರು. "ಹಾಗಾದರೆ ಇಷ್ಟು ದಿನ ಕಾರು ಓಡಿಸಿದ್ದು ಯಾರು?"

"ಇಬ್ಬರೂ, ಬಾಯಮ್ಮ. ಓಡಿಸಿದ್ದು ನೀವು. ನಿಲ್ಲಿಸಿದ್ದು ನಾನು."

ಅವರು ಇಳಿದು ನಡೆದುಕೊಂಡೇ ಬಸ್ ಸ್ಟ್ಯಾಂಡಿನ ಕಡೆಗೆ ಹೋದರು. ಬ್ಯಾಗ್ ಕಾರಿನಲ್ಲೇ ಉಳಿದಿತ್ತು. ಓಡಿಹೋಗಿ ಕೊಟ್ಟೆ. ತೆಗೆದುಕೊಂಡರು. ನನ್ನ ಮುಖ ನೋಡಲಿಲ್ಲ.

ನವೆಂಬರ್ 19, ಬುಧವಾರ

ಫೋನ್ ಇಲ್ಲ. ಕಡಿಯಾಳಿಯ ಟೀಚರಿಗೂ ಸತ್ಯ ಹೇಳಿದೆ. ಅವರೂ ಈಗ ಫೋನ್ ಎತ್ತುವುದಿಲ್ಲ. ಮಾತಾಡುವುದರಿಂದ ಲಾಭ ಉಂಟು ಎಂದವರು ಯಾರು?

ನವೆಂಬರ್ 24, ಸೋಮವಾರ

ಬಾಯಮ್ಮನ ಫೋನ್. ಹಲೋ ಇಲ್ಲ, ಏನಿಲ್ಲ. "ನಾಳೆ ಬಾ. ಕಾಲು ಮೇಲೆ ಇಟ್ಟುಕೊಂಡು ಕೂರಬೇಕು. ತಪ್ಪಿದಲ್ಲಿ ಬೈಯಬೇಕು. ಬೈಯದಿದ್ದರೆ ದುಡ್ಡಿಲ್ಲ. ಮತ್ತೆ ಇವರಿಗೆ ಒಂದು ಅಕ್ಷರ ಹೇಳಬಾರದು. ಹೈಬ್ರಿಡ್ಡಿಗೆ ಬ್ರೇಕ್ ಇಲ್ಲ ಅಂತ ನಾನು ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಎಲ್ಲರಿಗೂ ಹೇಳಿ ಆಗಿದೆ."

ನವೆಂಬರ್ 27, ಗುರುವಾರ

ಇವತ್ತು ಹದಿನಾಲ್ಕು ಸಲ ಬೈದೆನಂತೆ. ಬಾಯಮ್ಮನೇ ಎಣಿಸಿದ್ದು. "ಮೊದಲೇ ಹೀಗೆ ಬೈದಿದ್ದರೆ ನನ್ನ ಕ್ರೋಟನ್ ಉಳಿಯುತ್ತಿತ್ತು," ಎಂದರು.

ಮನೆಯಲ್ಲಿ ಪೊರ್ಬು ಚಹಾ ಕೊಟ್ಟು ಮತ್ತೆ ಕೇಳಿದರು, "ಕೊನೆಗೆ ಯಾವುದು, ಸುಗಂಧಿ?" ಅವರೇ ಉತ್ತರ ಹೇಳುತ್ತಾರೆ ಎಂದು ಕಾದೆ. ಅವರ ಬಾಯಿಯಲ್ಲಿ ಬಿಸ್ಕತ್ತು ಇತ್ತು. ಹೇಳಲಿಲ್ಲ.

ನಾನು ಹೇಳಿದೆ: "ದಿನಾ ಮಣಿಪಾಲದ ಟ್ರಾಫಿಕ್ಕಿನಲ್ಲಿ ಓಡುವವರಿಗೆ ಹೈಬ್ರಿಡ್ ಒಳ್ಳೆಯದು, ಪೆಟ್ರೋಲ್ ನಿಜವಾಗಿ ಉಳಿಯುತ್ತದೆ. ನಿಮ್ಮ ಕಾರು ಭಾನುವಾರ ಇಗರ್ಜಿಗೆ, ಬುಧವಾರ ಮೀನಿಗೆ. ಉಳಿದ ದಿನ ಶೆಡ್ಡಿನಲ್ಲಿ. ಶೆಡ್ಡಿನಲ್ಲಿ ಯಾವ ಕಾರೂ ಮೈಲೇಜ್ ಕೊಡುವುದಿಲ್ಲ. ಸಣ್ಣ ಕಾರಿನ ರಿಪೇರಿ ಜೋಡುರಸ್ತೆಯಲ್ಲೇ ಆಗುತ್ತದೆ. ಓಡಿಸುವ ಖುಷಿ ಬಾಯಮ್ಮನನ್ನು ಕೇಳಿ."

"ಗೇರ್ ಬೇಕು," ಎಂದರು ಬಾಯಮ್ಮ. "ಅದು ಹಾಕುವಾಗ ಯಾರದೋ ಕಿವಿ ಹಿಂಡಿದ ಹಾಗೆ ಆಗುತ್ತದೆ."

ಪೊರ್ಬು ಬಿಸ್ಕತ್ತು ನುಂಗಿದರು. "ನಾನೂ ಅದನ್ನೇ ಹೇಳುವುದು."

ಡಿಸೆಂಬರ್ 7, ಭಾನುವಾರ. ಬೆಳಿಗ್ಗೆ ಹತ್ತು

ಹೊಸ ಸಣ್ಣ ಕಾರು ಪೊರ್ಬುಗಳ ಮನೆಗೆ ಬಂದು ವಾರ ಆಯಿತು. ಅದರಲ್ಲಿ ಬ್ರೇಕ್ ಒಂದೇ, ಅದೂ ಬಾಯಮ್ಮನ ಕಡೆಗೆ. ಈಗ ನಿಟ್ಟೆಗೆ ಹೊರಟರಂತೆ. ಒಬ್ಬರೇ. ನಾನು ಕಾಪುವಿನಲ್ಲಿ ಜಗಲಿಯ ಮೇಲೆ. ಅಮ್ಮ ಗಂಜಿ ತಂದಿಟ್ಟಳು. ಸೇರುತ್ತಿಲ್ಲ.

ಹತ್ತೂವರೆ

ಬಾಯಮ್ಮನ ಫೋನ್. ತಲುಪಿದರು! ಎಲ್ಲಿಗೂ ತಾಗಲಿಲ್ಲ. ಆದರೆ ಕಾರು ಹಾಸ್ಟೆಲ್ ಗೇಟಿಗೆ ಅಡ್ಡ ನಿಂತಿದೆ. ವಾಚ್‌ಮನ್ ಹಿಂದೆ ತೆಗೆಯಿರಿ ಎನ್ನುತ್ತಿದ್ದಾನಂತೆ.

"ಸುಗಂಧಿ, ರಿವರ್ಸ್ ಹೇಗೆ ಹಾಕುವುದು?"

"ನಿಮಗೆ ಗೊತ್ತಿಲ್ಲವಾ?"

"ಮನೆಯಲ್ಲಿ ಇವರು ತಿರುಗಿಸಿ ಇಡುತ್ತಾರೆ. ನಿನ್ನ ಜೊತೆ ಬಂದಾಗ ಯಾವಾಗಲೂ ನೀನು."

ಹೌದು. ಯಾವಾಗಲೂ ನಾನು. ಅಯ್ಯೋ.

"ಫೋನ್ ಸ್ಪೀಕರಿಗೆ ಹಾಕಿ ಡೈನಾಳ ಕೈಗೆ ಕೊಡಿ! ಕ್ಲಚ್ ಪೂರ್ತಿ! ಪೂರ್ತಿ ಎಂದರೆ ಪೂರ್ತಿ! ಆಕ್ಸಿಲರೇಟರ್ ಮುಟ್ಟಿದರೆ ನೋಡಿ!" ಬಲೆ ಸರಿ ಮಾಡುತ್ತಿದ್ದ ಪಕ್ಕದ ಮನೆಯ ಭೋಜಣ್ಣ ಬೇಲಿಯ ಹತ್ತಿರ ಬಂದು, "ಎಂತ, ಜಗಳವಾ?" ಎಂದರು. "ಅಲ್ಲ, ಕ್ಲಾಸ್," ಎಂದು ಅವರಿಗೂ ಅದೇ ಸ್ವರದಲ್ಲಿ ಹೇಳಿದೆ.

ಕಾರು ಹಿಂದೆ ಬಂತಂತೆ. ಡೈನಾ ಕಿರುಚಿದ್ದು ಖುಷಿಗೆ ಎಂದುಕೊಂಡಿದ್ದೇನೆ.

ಹನ್ನೊಂದು

ತಾಯಿ ಮಗಳು ಕುಕ್ಕುಂದೂರಿಗೆ ಹೊರಟಿದ್ದಾರೆ. ನಾನು ಹೇಳಿಕೊಡದೆ ನಾನೇ ಮಾಡುತ್ತಿದ್ದದ್ದು ಇನ್ನು ಏನೇನು ಉಂಟು ಎಂದು ಯೋಚಿಸುತ್ತಿದ್ದೇನೆ. ಹ್ಯಾಂಡ್‌ಬ್ರೇಕ್ ಹೇಳಿದ್ದೇನೆ. ಇಂಡಿಕೇಟರ್ ಹೇಳಿದ್ದೇನೆ. ಕನ್ನಡಿ ಹೇಳಿದ್ದೇನೆ. ಪೆಟ್ರೋಲಿನ ಮುಳ್ಳು ನೋಡುವುದು…

ಫೋನ್.