ಕಿರುಗುಟ್ಟದ ಬಾಗಿಲು

ಮಾರ್ಚ್ ೧೪, ಗುರುವಾರ

ಆ ಕಾರಿನ ಬಾಗಿಲಿಗೆ ಎಣ್ಣೆ ಹಾಕಬಾರದಿತ್ತು. ನನ್ನ ಬುದ್ಧಿಗೆ ಮಂಕು ಕವಿದಿತ್ತು. ವರ್ಷಗಟ್ಟಲೆ ಒದ್ದಾಡಿ ಅಪ್ಪನ ಹಳೇ ಕಾರನ್ನು ಹೊಸದರಂತೆ ಮಾಡಿಸಿದೆ. ಅಷ್ಟರಲ್ಲಿ ಅಪ್ಪನಿಗೆ ಕಣ್ಣೇ ಹೋಯಿತು.

ಇವತ್ತು, ಮುಟ್ಟಿ ಗುರುತು ಹಿಡಿಯಲಿ ಎಂದು, ಏನೂ ಹೇಳದೆ ಕೈಹಿಡಿದು ಅದರಲ್ಲಿ ಕೂರಿಸಿದೆ. ಬಾಗಿಲು ಕಿರುಗುಟ್ಟಲಿಲ್ಲ. ಸೀಟು ಹರಿದಿದ್ದ ಜಾಗಕ್ಕೆ ಅವರ ಬೆರಳು ತಾನಾಗಿಯೇ ಹೋಯಿತು, ಹೊಸ ಹೊದಿಕೆಯ ಮೇಲೆ ಜಾರಿತು. ಒಂದು ಸುತ್ತು ಬಂದೆವು. ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ.

ಇಳಿಯುವಾಗ ಅಪ್ಪ ಕೇಳಿದರು: "ಯಾರ್ದೋ ಇದು? ಗಾಡಿ ಚೆನ್ನಾಗಿದೆ. ನಮ್ದು ಯಾವಾಗ ಕೊಡ್ತಾನಂತೆ ಮೆಕ್ಯಾನಿಕ್ಕು?"

"ಶನಿವಾರ ಬರುತ್ತಪ್ಪಾ" ಅಂದುಬಿಟ್ಟೆ.

ಹಳೇ ಸೀಟು ಗುಜರಿಗೆ ಹೋಗಿಯಾಯಿತು. ಪಕ್ಕದ ಕೋಣೆಯಲ್ಲಿ ಅಪ್ಪ ಅಮ್ಮನಿಗೆ ಹೇಳುತ್ತಿದ್ದಾರೆ: "ಶನಿವಾರಕ್ಕೆ ಬಿಳಿ ಅಂಗಿ ಇಸ್ತ್ರಿ ಮಾಡಿಡೇ."